ಬಲಗೆನ್ನೆಯ ಮಚ್ಚೆ

ಹೋದ ತಿಂಗಳು ಕಡೂರು ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತ ಕೂತಿದ್ದೆ. ಎದುರಿಗೆ ಕೆಟ್ಟು ನಿಂತಿದ್ದ ಬಸ್ಸಿನ ಕೆಳಗಿಂದ ಡ್ರೈವರ್ ಹೊರಗೆ ಬಂದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತಗೊಂಡು ಕೈಯ ಮಸಿ ಒರೆಸಿಕೊಳ್ಳತೊಡಗಿದ. ಸೀಮೆಎಣ್ಣೆ ಈಗ ಅವನಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಮಸಿಯೂ ಸೀಮೆಎಣ್ಣೆಯೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಬಲಗೆನ್ನೆಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಹಲ್ಲು ನೋವಾ ಅಕ್ಕಾ?" ಅಂದಳು. "ಇಲ್ಲ ಕಣವ್ವ, ಮಚ್ಚೆ" ಅಂದೆ. ಪಾಪ, ಅವಳಿಗೆ ಏನು ಅರ್ಥ ಆಯಿತೋ, ತಲೆ ಆಡಿಸಿ ಆ ಕಡೆ ತಿರುಗಿಕೊಂಡಳು.

ಆ ವಾಸನೆಗೆ ಒಂದು ಚಳಿಗಾಲ ಅಂಟಿಕೊಂಡಿದೆ. ತುರ್ತು ಪರಿಸ್ಥಿತಿ ಮುಗಿದ ಮಾರನೇ ವರ್ಷ. ನನಗೆ ಹದಿನೆಂಟು ತುಂಬಿತ್ತು. ದೀಪಾವಳಿ ಕಳೆದ ಮೇಲೆ ಶುರು ಮಾಡಿ ಯುಗಾದಿ ಬರುವವರೆಗೂ ನಾನು ಬೇರೆ ಕೆಲಸ ಮಾಡಿದ್ದೇ ಕಡಿಮೆ, ನನ್ನ ಮುಖವನ್ನೇ ಬರೆಯುತ್ತಿದ್ದೆ. ಕೇಳಿದವರು ಎಂಥ ಜಂಬದ ಹುಡುಗಿ ಅಂದುಕೊಳ್ಳಬೇಕು. ಜಂಬ ಗಿಂಬ ಏನೂ ಇಲ್ಲ. ಬರೆಯೋಕೆ ಬೇರೆ ಮುಖ ಸಿಗುತ್ತಿರಲಿಲ್ಲ, ಅಷ್ಟೇ.

ನಮ್ಮಪ್ಪ ಶಿವಣ್ಣ ಅಜ್ಜಂಪುರ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಬರುವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ಕೂಡಿಸುವ ಕೆಲಸ. ಆಳೆತ್ತರದ ಕಬ್ಬಿಣದ ಲಿವರನ್ನು ಅಪ್ಪ ಮೈಯೆಲ್ಲ ಬಗ್ಗಿಸಿ ಎಳೆದರೆ, ಅಷ್ಟು ದೂರದಲ್ಲಿ ಹಳಿ ಖಟಕ್ಕನೆ ಸರಿದು ಕೂರುತ್ತಿತ್ತು. "ಎದುರಿಗೆ ಬರೋ ಗಾಡಿಗೆ ಯಾವುದು ಎಡಾನೋ ಅದು ನಂಗೆ ಬಲ. ನಿದ್ದೆಗಣ್ಣಲ್ಲಿ ಎಬ್ಸಿ ಕೇಳಿದ್ರೂ ತಪ್ಪಲ್ಲ ನಾನು" ಅನ್ನುತ್ತಿದ್ದ. ಓದು ನಾಲ್ಕನೇ ಕ್ಲಾಸು, ಸಂಬಳ ತಿಂಗಳ ಕೊನೆಗೆ ಉಳಿಯದ್ದು, ಜಂಬ ಅಂತ ಇದ್ದದ್ದು ಅದೊಂದೇ. ಎಡ ಬಲ ತಪ್ಪದ ಶಿವಣ್ಣ ಅಂತ ಊರಲ್ಲಿ ಮರ್ಯಾದೆ ಇತ್ತು. ಸ್ಟೇಷನ್ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ, ಅವ್ವ, ನಾನು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ತಂಗಿ ಶಾಂತ.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಡ್ರಾಯಿಂಗ್ ಟೀಚರ್ ಕೋರ್ಸಿಗೆ ಸೇರಬೇಕು ಅನ್ನೋ ಹುಚ್ಚು ಹಿಡಿದಿತ್ತು. ಅದಕ್ಕೆ ಸೇರಬೇಕಾದರೆ ನಾವು ಬರೆದ ಚಿತ್ರಗಳನ್ನು ತಗೊಂಡು ಹೋಗಿ ತೋರಿಸಬೇಕು. ಅಂಥವರಿಗೆ ಕಡೂರಿನಲ್ಲಿ ಚನ್ನಬಸಪ್ಪ ಮೇಷ್ಟ್ರು ಪಾಠ ಹೇಳುತ್ತಿದ್ದರು. ಹೈಸ್ಕೂಲಿನಿಂದ ರಿಟೈರ್ ಆದವರು, ಹೆಂಡತಿ ಮಕ್ಕಳಿಲ್ಲ, ನಶ್ಯದ ಡಬ್ಬಿಯೇ ಸಂಸಾರ. ಕೊಬ್ಬರಿ ಮಂಡಿಯೊಂದರ ಮಹಡಿ ಮೇಲೆ ಅವರ ಕ್ಲಾಸು. ಕೆಳಗೆ ಕೊಬ್ಬರಿ ಸುರಿದರೆ ಮೇಲೆ ನಮ್ಮ ಹಲಗೆಗಳು ನಡುಗುತ್ತಿದ್ದವು. ಅಪ್ಪನನ್ನು ಕಾಡಿಬೇಡಿ ಒಪ್ಪಿಸಿದೆ. "ಯುಗಾದಿ ಗಂಟ ಹೋಗು. ಆಮೇಲೆ ಗಂಡು ನೋಡ್ತೀವಿ, ತಕರಾರು ತೆಗೀಬಾರ್ದು" ಅಂದ. ಯುಗಾದಿ ಅಂದರೆ ಆಗ ಬಲು ದೂರ ಅನಿಸಿತ್ತು, ಹೂಂ ಅಂದೆ.

ಮೊದಲ ದಿನವೇ ಮೇಷ್ಟ್ರು ಹೇಳಿದರು: "ಮಾಡೆಲ್ ಕೂರ್ಸೋಕೆ ನಾವೇನು ಮಹಾರಾಜರಾ? ದೇವ್ರು ಕೊಟ್ಟಿರೋ ಮುಖ ಐತಲ್ಲ. ಬಾಡಿಗೆ ಕೇಳಲ್ಲ, ಎದ್ದು ಓಡಲ್ಲ. ಅದನ್ನೇ ಬರೀರಿ. ಒಂದೇ ಮುಖ, ಸಾಮಾನು ಮಾತ್ರ ಬೇರೆ ಬೇರೆ. ಆಗ ತಿಳೀತದೆ ಯಾವುದು ನಿನ್ನ ಕೈಗುಣ, ಯಾವುದು ಸಾಮಾನಿನ ಗುಣ ಅಂತ."

ಮುಖ ಇತ್ತು, ಕನ್ನಡಿ ಬೇಕಲ್ಲ? ನಮ್ಮನೇಲಿ ಇದ್ದದ್ದು ಅಪ್ಪ ಕ್ಷೌರ ಮಾಡಿಕೊಳ್ಳುವ ಕನ್ನಡಿ ಒಂದೇ. ಕೆಂಪು ಚೌಕಟ್ಟು, ಒಂದು ಮೂಲೆ ಸೀಳಿದ್ದು. ಅದನ್ನೇ ಟವೆಲಿನಲ್ಲಿ ಸುತ್ತಿಕೊಂಡು ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ. ಶಿವನಿ ದಾಟಿ, ಬೀರೂರಿನಲ್ಲಿ ಎಂಜಿನ್ನು ನೀರು ಕುಡಿದು ಸುಧಾರಿಸಿಕೊಂಡು, ಕಡೂರು ತಲುಪುವಷ್ಟರಲ್ಲಿ ಕಣ್ಣಲ್ಲಿ ಕಲ್ಲಿದ್ದಲ ಪುಡಿ. ನಾನು ಕ್ಲಾಸಿಗೆ ಹೋಗುವ ದಿನಗಳಲ್ಲಿ ಅಪ್ಪ ಕುರುಚಲು ಗಡ್ಡದಲ್ಲೇ ಡ್ಯೂಟಿಗೆ ಹೋಗುತ್ತಿದ್ದ. ಸ್ಟೇಷನ್ ಮಾಸ್ಟರು ರೇಗಿದರೆ, "ಕನ್ನಡಿ ಓದೋಕೆ ಹೋಗೈತೆ ಸಾ" ಅನ್ನುತ್ತಿದ್ದನಂತೆ.

ಮೊದಲು ಪೆನ್ಸಿಲ್ಲು. ಒಂದು ಕಣ್ಣು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ಮೊದಲನೆಯದು ದೊಡ್ಡದಾಗಿರುತ್ತಿತ್ತು. ಅಳಿಸಿ ಅಳಿಸಿ ಹಾಳೆ ಸವೆದು ತೂತು ಬಿತ್ತು. ನನ್ನ ಹುಬ್ಬು ಒಂದು ಮೇಲೆ ಒಂದು ಕೆಳಗೆ ಅಂತ ನನಗೆ ಗೊತ್ತಾದದ್ದೇ ಆಗ. ಕೆನ್ನೆ ಮೇಲೆ ಮೆಣಸಿನ ಕಾಳಿನಷ್ಟು ಮಚ್ಚೆ ಇತ್ತು, ಬರೆಯೋಕೆ ಸುಲಭವಾಗಿದ್ದು ಅದೊಂದೇ. ಕಡೆಗೂ ಮುಗಿಸಿ ತಂದು ಅಪ್ಪನ ಮುಂದೆ ಹಿಡಿದೆ. ಅವ್ವ, ಶಾಂತ ಇಬ್ಬರೂ ಕುಣಿದಾಡಿದರು. ಅಪ್ಪ ದೂರ ಹಿಡಿದ, ಹತ್ತಿರ ಹಿಡಿದ.

"ಚೆನ್ನಾಗೈತೆ ಮಗಾ. ಆದ್ರೆ..."

"ಆದ್ರೆ ಏನಪ್ಪಾ?"

"ಅದೇನೋ ನಂಗೊತ್ತಿಲ್ಲ. ನೀನೇ, ಆದ್ರೆ ಒಂಚೂರು ನೀನಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಲಿವರ್ ಎಳೆಯೋನಿಗೆ ಚಿತ್ರದ ವಿಷ್ಯ ಏನು ಗೊತ್ತು ಅಂತ ಒಳಗೊಳಗೇ ಬೈದುಕೊಂಡೆ.

ಆಮೇಲೆ ಇದ್ದಿಲು. ಮೇಷ್ಟ್ರು ಅಂಗಡಿಯಿಂದ ತರಿಸುತ್ತಿರಲಿಲ್ಲ. ಹತ್ತಿಯ ಒಣಗಿದ ಕಡ್ಡಿಗಳನ್ನು ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ ಒಲೆಗೆ ಹಾಕು ಅಂದರು. ಅಜ್ಜಂಪುರದ ಕರಿ ಹೊಲಗಳಲ್ಲಿ ಹತ್ತಿ ಕಡ್ಡಿಗೇನು ಬರ? ಅವ್ವ ರೊಟ್ಟಿ ತಟ್ಟುತ್ತ, "ಓದ್ತೀನಿ ಅಂತ ಹೋಗಿ ಮಸಿ ಮಾಡೋದು ಕಲಿತ್ಕೊಂಡು ಬಂದವ್ಳೆ ನೋಡು" ಅಂತ ಗೊಣಗಿದಳು. ಆದರೆ ಡಬ್ಬಿಯನ್ನು ಹೊತ್ತಿಗೆ ಸರಿಯಾಗಿ ಹೊರಗೆ ತೆಗೆದವಳು ಅವಳೇ. ಇದ್ದಿಲಿನಲ್ಲಿ ಬರೆದ ನಾನು ಎರಡು ಮಕ್ಕಳ ತಾಯಿಯ ಹಾಗೆ, ಜಗಳಕ್ಕೆ ನಿಂತವಳ ಹಾಗೆ ಕಂಡೆ. ಮೇಷ್ಟ್ರಿಗೆ ಅದು ಬಲು ಇಷ್ಟವಾಯಿತು. ಅಪ್ಪನದು ಮಾತ್ರ ಅದೇ ರಾಗ. ಮಸಿ ಪೆನ್ನಿನಲ್ಲಿ ಬರೆದಾಗಲೂ ಅದೇ. ಮಸಿಯಲ್ಲಿ ತಪ್ಪಿದರೆ ಅಳಿಸುವ ಹಾಗಿಲ್ಲ, ನನ್ನ ಮೂಗಿನ ಗೆರೆ ಒಂದೇ ಏಟಿಗೆ ಬರಬೇಕು. ಆ ಮೂಗಿಗಾಗಿ ನಾನು ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಿದ್ದೂ ಉಂಟು. ಅದನ್ನೂ ನೋಡಿ ಅಪ್ಪ, "ನೀನೇ ಕಣೇ, ಆದ್ರೆ..." ಅಂದ. ನಾನು ಹಾಳೆ ಕಿತ್ತುಕೊಂಡು ಒಳಗೆ ಹೋದೆ.

ಪುಷ್ಯ ಮಾಸದ ಚಳಿ. ಬೆಳಗ್ಗೆ ಹಳಿಯ ಮೇಲೆ ಇಬ್ಬನಿ ನೀರಾಗಿ ಇಳಿಯುತ್ತಿತ್ತು, ಊರ ತುಂಬ ಅವರೆ ಸೊಗಡು, ಕಣಗಳಲ್ಲಿ ರಾಗಿ ಒಕ್ಕಣೆ. ಕಡೂರಿನ ಮಹಡಿಗೆ ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಆ ಬಿಸಿಲಲ್ಲಿ ಕೂತು ನಾನು ನೀರುಬಣ್ಣದಲ್ಲಿ ನನ್ನನ್ನು ಬರೆದೆ. ನನ್ನದು ಎಣ್ಣೆಗೆಂಪು ಬಣ್ಣ. ಕೆಂಪಿಗೆ ಹಳದಿ, ಹಳದಿಗೆ ಒಂದು ತೊಟ್ಟು ನೀಲಿ ಅಂತ ಮೇಷ್ಟ್ರು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಓಡಾಡುತ್ತ ಹೇಳಿಕೊಟ್ಟರು. ಮುಗಿದಾಗ ಅವರು ನಶ್ಯ ಏರಿಸುವುದನ್ನೂ ಮರೆತು ನಿಂತರು. "ಬಂತು ಕಣವ್ವ ರತ್ನ, ಬಂತು" ಅಂದರು. ನನ್ನ ಹೆಸರು ನಾಗರತ್ನ. ಅವತ್ತು ಆ ರತ್ನ ಅನ್ನೋ ಮಾತು ಕಿವಿಗೆ ಎಷ್ಟು ಹಿತವಾಗಿತ್ತು ಅಂದರೆ, ಬೀರೂರಿನಲ್ಲಿ ಗಾಡಿ ಒಂದು ಗಂಟೆ ನಿಂತರೂ ನನಗೆ ಬೇಜಾರಾಗಲಿಲ್ಲ.

ಆ ಚಿತ್ರವನ್ನು ಅವ್ವ ಗೋಡೆಯ ಮೊಳೆಗೆ ಸಿಕ್ಕಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ನನ್ನ ಸೋದರಮಾವ ರುದ್ರಣ್ಣ ತರೀಕೆರೆಯಲ್ಲಿ ಬಟ್ಟೆ ಅಂಗಡಿಯಲ್ಲಿದ್ದ. ಸಂಕ್ರಾಂತಿಗೆ ಎಳ್ಳು ಬೆಲ್ಲ ತಿನ್ನೋಕೆ ಬಂದವನು ಚಿತ್ರದ ಮುಂದೆ ನಿಂತುಬಿಟ್ಟ. ಕಡೂರಿನಲ್ಲಿ ಅವನಿಗೆ ಗೊತ್ತಿದ್ದ ಒಂದು ಮನೆಯವರು ಹುಡುಗಿ ಫೋಟೋ ಕೇಳಿದ್ದರಂತೆ. ಹುಡುಗ ಸೊಸೈಟಿಯಲ್ಲಿ ಗುಮಾಸ್ತ.

"ಅಕ್ಕಾ, ಫೋಟೋ ಯಾಕೆ ತೆಗೆಸ್ತೀಯ? ಸ್ಟುಡಿಯೋದೋರು ತೆಗೆದ್ರೆ ಕಪ್ಪು ಬಿಳುಪು. ಎಂಥ ಲಕ್ಷಣವಂತೇನೂ ಒಂದೇ ಬೂದಿ ಬಣ್ಣ. ಇದು ಕಲರ್ ಐತೆ ಕಣಕ್ಕಾ! ಬಣ್ಣಾನೂ ಕಂಡಂಗಾಯ್ತು, ಹುಡುಗಿ ಕೈಕೆಲಸಾನೂ ತೋರಿಸ್ದಂಗಾಯ್ತು."

ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಮೊಳೆ ಖಾಲಿ. ಕೂಗಾಡಿದೆ, ಅತ್ತುಬಿಟ್ಟೆ, ಅದು ಕೋರ್ಸಿಗೆ ತೋರಿಸೋ ಚಿತ್ರ ಅಂದೆ. "ಇನ್ನೂ ಯುಗಾದಿ ಬಂದಿಲ್ಲ" ಅಂತ ಅಪ್ಪನಿಗೂ ಅಂದೆ. ಅಪ್ಪ ಮುಖ ತಪ್ಪಿಸಿ, "ಬರೀ ನೋಡ್ಕೊಂಡು ಹೋಗ್ತಾರೆ ಬಿಡು. ನೋಡಿದ ತಕ್ಷಣ ಮದುವೆ ಆಗೋಯ್ತಾ?" ಅಂದ.

ಅವರು ಒಂದು ಭಾನುವಾರ ರೈಲಿನಲ್ಲೇ ಬಂದರು. ಹುಡುಗ, ಅವನ ತಂದೆ, ಜೊತೆಗೆ ಹುಡುಗನ ಸೋದರತ್ತೆ. ಅಪ್ಪ ಡ್ಯೂಟಿ ಬದಲಾಯಿಸಿಕೊಂಡು, ನುಣ್ಣಗೆ ಕ್ಷೌರ ಮಾಡಿಕೊಂಡು, ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡಿದ್ದ. ಕೇಸರಿಬಾತು, ಉಪ್ಪಿಟ್ಟು ಆಗಿತ್ತು. ನಾನು ತಟ್ಟೆ ಹಿಡಿದು ಬಂದೆ. ಆ ಸೋದರತ್ತೆ ತೊಡೆ ಮೇಲೆ ನನ್ನ ನೀರುಬಣ್ಣದ ಚಿತ್ರ ಇಟ್ಟುಕೊಂಡು ಕೂತಿದ್ದಳು. ಚಿತ್ರ ನೋಡಿದಳು, ನನ್ನ ನೋಡಿದಳು. ಮತ್ತೆ ಚಿತ್ರ ನೋಡಿದಳು. ಬಾಯಿಗೆ ಹೋಗುತ್ತಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು.

"ಈ ಹುಡುಗಿ ಅಲ್ಲ ಇದು."

"ಅಯ್ಯೋ, ಇವಳೇ ಕಣಮ್ಮ" ಅಂದ ಮಾವ.

"ನಂಗೇನು ಕಣ್ಣು ಕುರುಡಾ? ಚಿತ್ರದ ಹುಡುಗೀಗೆ ಮಚ್ಚೆ ಎಡಗೆನ್ನೆ ಮ್ಯಾಲೈತೆ. ಹೆಣ್ಣಿಗೆ ಎಡಕ್ಕೆ ಮಚ್ಚೆ ಇದ್ರೆ ಮನೆ ಬೆಳಗ್ತದೆ ಅಂತಾನೇ ನಾನು ಹೊರಟು ಬಂದದ್ದು. ಇವಳಿಗೆ ಬಲಕ್ಕೈತೆ. ಇನ್ನೊಂದು ಹುಡುಗಿ ಒಳಗಿಂದ ಇಣುಕಿ ನೋಡ್ತಾವ್ಳಲ್ಲ, ಅವಳ್ದಾ ಇದು? ಯಾರನ್ನ ತೋರ್ಸಿ ಯಾರನ್ನ ಕಟ್ಟಬೇಕು ಅಂತಿದೀರಾ?"

ಒಳಗಿದ್ದ ಶಾಂತ ಹೆದರಿ ಬಾಗಿಲ ಹಿಂದೆ ಸರಿದಳು. ಅದೇ ದೊಡ್ಡ ತಪ್ಪಾಯಿತು. ಮಾವ ಚಿತ್ರ ಕಿತ್ತುಕೊಂಡು ನೋಡಿ, ನನ್ನ ಮುಖ ನೋಡಿ, ಪೆಚ್ಚಾದ. ಆ ಸೋದರತ್ತೆ ನನ್ನನ್ನೇ ಕೇಳಿದಳು: "ನೀನೇ ಬರೆದದ್ದು ಅಂತಾರಲ್ಲ. ಹಂಗಾದ್ರೆ ಹೇಳವ್ವ, ನಿನ್ನ ಮಚ್ಚೆ ಯಾವ ಕಡೆ ಐತೆ ಅಂತ ನಿಂಗೇ ಗೊತ್ತಿಲ್ವಾ?"

ನನ್ನ ಆಣೆಗೂ ನನಗೆ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಆ ಮಚ್ಚೆಯನ್ನು ನೋಡಿ ನೋಡಿ ಬರೆದವಳು ನಾನು. ಒಂದು ಕೈ ಈ ಕೆನ್ನೆಗೆ ಹೋಯಿತು, ಇನ್ನೊಂದು ಆ ಕೆನ್ನೆಗೆ. ಹುಡುಗ ನಕ್ಕುಬಿಟ್ಟ. ಅವನ ತಂದೆ ಎದ್ದು, "ಶಿವಣ್ಣಾ, ನಿಮ್ಮ ಬಗ್ಗೆ ಬಾಳ ಕೇಳಿದ್ವಿ. ಹಿಂಗೆ ಅಂದ್ಕೊಂಡಿರ್ಲಿಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡ. ಅಪ್ಪ ಕೋಟಿನ ಗುಂಡಿ ಹಿಡಿದುಕೊಂಡು ನಿಂತೇ ಇದ್ದ. ಅವರನ್ನು ಕರೆದುಕೊಂಡು ಹೋದ ಗಾಡಿಗೆ ದಾರಿ ಕೊಟ್ಟವನು ಬೇರೆ ಪಾಯಿಂಟ್ಸ್‌ಮನ್ನು.

ಸಂಬಂಧ ತಪ್ಪಿತು ಅಂತ ನನಗೆ ಒಂದು ಕ್ಷಣ ಖುಷಿಯಾದದ್ದು ನಿಜ. ಅಪ್ಪನ ಮುಖ ನೋಡಿದ ಮೇಲೆ ಆ ಖುಷಿ ಎಲ್ಲಿ ಹೋಯಿತೋ. ಅವನು ಕೋಟು ಬಿಚ್ಚಿ ಮಡಿಸಿಟ್ಟು, ಗೋಡೆ ಕಡೆ ನೋಡುತ್ತ ಹೇಳಿದ: "ಎಡ ಬಲ ಕಾಯೋನ ಮಗಳು ಎಡ ಬಲ ತಪ್ಪಿ ಬರೆದ್ಲು. ಸುಳ್ಳು ಮುಖ ತೋರ್ಸಿದ ಅಂತ ನನ್ನ ಅಂದ್ರು. ಸಾಕು ಮಗಾ. ಕಡೂರಿಗೆ ಹೋಗೋದು ಇನ್ನು ಬ್ಯಾಡ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿ ಒಡೆದಿತ್ತು.

ಮಾರನೇ ದಿನ ಚಿತ್ರವನ್ನು ಕನ್ನಡಿಯ ಪಕ್ಕ ಹಿಡಿದು ನಿಂತಾಗ ನನಗೆ ಹೊಳೆಯಿತು. ಕನ್ನಡಿಯಲ್ಲೂ ಮಚ್ಚೆ ಆ ಕಡೆಗೇ ಇತ್ತು, ಚಿತ್ರದಲ್ಲೂ ಆ ಕಡೆಗೇ ಇತ್ತು. ನಾನು ಕಂಡದ್ದನ್ನೇ ಬರೆದಿದ್ದೆ. ಕ್ಷೌರಕ್ಕೆ ಕೂತು ಕನ್ನಡಿಗೆ ಕಾಯುತ್ತಿದ್ದ ಅಪ್ಪನ ಹತ್ತಿರ ಓಡಿ, "ಕನ್ನಡಿ ಹಂಗೆ ತೋರಿಸ್ತದಪ್ಪಾ! ಎಡ ಬಲ ಅದ್ರದ್ದೇ ತಪ್ಪು" ಅಂದೆ.

ಅಪ್ಪ ಸೋಪಿನ ನೊರೆಯ ಮುಖ ಎತ್ತಿ ನೋಡಿದ. "ಇಪ್ಪತ್ತು ವರ್ಷದಿಂದ ಈ ಕನ್ನಡೀಲೇ ಕ್ಷೌರ ಮಾಡ್ಕೊತಾ ಇದೀನಿ. ಒಂದಿನಾನಾರೂ ಕೆನ್ನೆ ತಪ್ಪಿ ಕುಯ್ಕೊಂಡಿದೀನಾ? ಕನ್ನಡಿ ಮ್ಯಾಲೆ ತಪ್ಪು ಹಾಕ್ಬೇಡ ಕಣೇ" ಅಂದ. ಕನ್ನಡಿ ಅವನ ಮುಂದಿಟ್ಟು ಒಳಗೆ ಹೋದೆ.

ಶಿವರಾತ್ರಿ ಹತ್ತಿರ ಬಂತು. ಚಳಿ ಹೋಗಿ ಬಯಲ ಗಾಳಿ ಧೂಳೆಬ್ಬಿಸತೊಡಗಿತು. ಬೆಳಗಿನ ಪ್ಯಾಸೆಂಜರ್ ಕೂಗಿದಾಗೆಲ್ಲ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಕಡೂರು ಕಡೆಯಿಂದ ಬಂದ ಗಾಡಿಯಿಂದ ಚನ್ನಬಸಪ್ಪ ಮೇಷ್ಟ್ರು ಇಳಿದರು, ಕಂಕುಳಲ್ಲಿ ಬಟ್ಟೆ ಸುತ್ತಿದ ಹಲಗೆ. ಶಿಷ್ಯೆ ಯಾಕೆ ಬರುತ್ತಿಲ್ಲ ಅಂತ ಕೇಳಲು ಬಂದಿದ್ದರು. ಲಿವರ್ ಹತ್ತಿರವೇ ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಮೇಷ್ಟ್ರು ನಶ್ಯ ಚೆಲ್ಲುವ ಹಾಗೆ ನಕ್ಕರು. ಅಪ್ಪನ ಮುಖ ನೋಡಿ ನಗು ನುಂಗಿಕೊಂಡರು.

"ಶಿವಣ್ಣಾ, ಸ್ವಂತ ಮುಖ ಬರೆಯೋರೆಲ್ಲ ಹಂಗೇ ಬರೆಯೋದು. ಹೇಳಿದ್ರೆ ನೀವು ನಂಬಲ್ಲ, ಅದಕ್ಕೆ ಹೇಳಲ್ಲ. ಒಂದು ಸಾಮಾನು ಬಾಕಿ ಐತೆ, ಮರದ ಹಲಗೆ. ಇದ್ರಲ್ಲಿ ಅವಳ ಮುಖ ಕೆತ್ತಿ ಹಾಳೆ ಮ್ಯಾಲೆ ಒತ್ಲಿ. ಆಮೇಲೆ ನೀವೇ ನೋಡಿ. ಅದೂ ನಿಮ್ಮ ಮಗಳಲ್ಲ ಅಂದ್ರೆ, ನಾನೇ ಅವಳ್ನ ಕ್ಲಾಸು ಬಿಡುಸ್ತೀನಿ."

"ಆಯ್ತು ಮೇಷ್ಟ್ರೇ" ಅಂದ ಅಪ್ಪ.

ಹೊರಡುವ ಮುಂಚೆ ಮೇಷ್ಟ್ರು ನನಗೆ ಸಣ್ಣ ಉಳಿಗಳನ್ನೂ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಿಂದ ತಂದಿದ್ದ ಒಂದು ಡಬ್ಬಿ ಕಪ್ಪು ಮಸಿಯನ್ನೂ ಕೊಟ್ಟರು. ಕೆತ್ತಿದ ಕಡೆ ಬಿಳಿ, ಬಿಟ್ಟ ಕಡೆ ಕಪ್ಪು ಅಂತ ತೋರಿಸಿಕೊಟ್ಟರು. ನಾನು ಮೆಲ್ಲಗೆ ಕೇಳಿದೆ: "ಸಾರ್, ಮಚ್ಚೆ ಮಾತ್ರ ಆ ಕಡೆ ಕೆನ್ನೆಗೆ ಹಾಕ್ಬಿಡ್ಲಾ?"

"ಮುಟ್ಟಿದ್ರೆ ನೋಡು!" ಅಂದರು. "ಕನ್ನಡೀಲಿ ಹೆಂಗೆ ಕಾಣ್ತದೋ ಹಂಗೇ. ಒಂದು ಕೂದಲನ್ನೂ ಆಚೀಚೆ ಮಾಡ್ಕೂಡ್ದು. ಒತ್ತೋವಾಗ ನಿಮ್ಮಪ್ಪನ ಕೈಲೇ ಒತ್ಸು."

ಸ್ಟೇಷನ್ನಿನಲ್ಲಿ ರಬ್ಬರ್ ಸ್ಟ್ಯಾಂಪು ದಿನಾ ನೋಡುತ್ತಿದ್ದವಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಭಯ ತಲೆ ತುಂಬಿಕೊಂಡಿತ್ತು. ಮೇಷ್ಟ್ರ ಮೇಲೆ ಭಾರ ಹಾಕಿ, ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕನ್ನಡಿ ಒರಗಿಸಿಕೊಂಡು ಕೆತ್ತಲು ಕೂತೆ. ಮರದಲ್ಲಿ ತಪ್ಪಿದರೆ ಮಸಿಗಿಂತ ಕಷ್ಟ. ಕೆನ್ನೆ ಪೂರ್ತಿ ಬೆಳ್ಳಗೆ ಬರಬೇಕು, ಅಂದರೆ ಕೆನ್ನೆಯನ್ನೆಲ್ಲ ಕೆತ್ತಿ ತೆಗೆದು ಮಚ್ಚೆಯೊಂದನ್ನೇ ಮೆಣಸಿನ ಕಾಳಿನಷ್ಟು ಎತ್ತರಕ್ಕೆ ನಿಲ್ಲಿಸಬೇಕು. ಉಳಿ ಒಂದು ಎಳೆ ಜಾರಿದರೆ ಮಚ್ಚೆಯೇ ಹಾರಿಹೋಗುತ್ತದೆ. ಅಪ್ಪ ಡ್ಯೂಟಿಗೆ ಹೋಗುತ್ತಾ ಬರುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದ. ಕೆತ್ತಿ ಮುಗಿಯುತ್ತ ಬಂದ ದಿನ ನಿಂತು ಬಗ್ಗಿ ನೋಡಿದ. ಮಚ್ಚೆ ಮತ್ತೆ ಆ ಹಾಳು ಎಡಗೆನ್ನೆ ಮೇಲೇ ಇತ್ತು.

"ಮತ್ತೆ ಅಲ್ಲೇ ಇಟ್ಟಿದೀಯಲ್ಲೇ ಮಗಾ" ಅಂದ. ಸಿಟ್ಟಿನಿಂದಲ್ಲ, ಸಂಕಟದಿಂದ. ನಾನು ಗೆಲ್ಲಲಿ ಅಂತ ಅವನಿಗೂ ಆಸೆ ಇತ್ತು ಅಂತ ನನಗೆ ಆಗ ಗೊತ್ತಾಯಿತು. ಕಣ್ಣು ತುಂಬಿ ಬಂತು, ಉಳಿ ಕೆಳಗಿಟ್ಟೆ.

ಯುಗಾದಿಗೆ ಇನ್ನು ವಾರವಿತ್ತೇನೋ. ಸಂಜೆ ಹುಬ್ಬಳ್ಳಿ ಕಡೆ ಗಾಡಿ ಹೋದ ಮೇಲೆ ಅಪ್ಪ ಕೈಕಾಲು ತೊಳೆದು ಬಂದ. ಜಗಲಿ ಮೇಲೆ ಹಲಗೆ ಇಟ್ಟು, ಬಟ್ಟೆ ಉಂಡೆಯಿಂದ ಮಸಿ ಮೆತ್ತಿದೆ. ಮೇಲೆ ಹಾಳೆ ಹಾಸಿದೆ. ಒತ್ತೋಕೆ ಮೇಷ್ಟ್ರು ಹೇಳಿದ್ದು ತೆಂಗಿನ ಕರಟದ ನುಣುಪಾದ ಬೆನ್ನು. "ಅಪ್ಪಾ, ನೀನೇ ಉಜ್ಜಬೇಕಂತೆ" ಅಂದೆ. ಲಿವರ್ ಎಳೆದು ಉಕ್ಕಾದ ಆ ಕೈ ಕರಟ ಹಿಡಿದು, ಹಾಳೆ ಹರಿದೀತು ಅಂತ ಹೆದರಿ, ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ಉಜ್ಜಿತು. ಹಣೆಯಿಂದ ಗಲ್ಲದವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ.

"ಎತ್ತಲಾ?"

"ಎತ್ತಪ್ಪಾ."

ಮೂಲೆ ಹಿಡಿದು ಹಾಳೆ ಎತ್ತಿ ಮಗುಚಿದ. ಹಾಳೆ ನೋಡಿದ, ನನ್ನ ನೋಡಿದ. ಆ ಸೋದರತ್ತೆ ನೋಡಿದ ಹಾಗೇ ನೋಡುತ್ತಿದ್ದಾನೆ ಅನ್ನಿಸಿತು. ಆಮೇಲೆ ಅವನು ತೋರುಬೆರಳಿಂದ ಹಾಳೆಯ ಮಸಿ ಆರದ ಮಚ್ಚೆ ಮುಟ್ಟಿದ. ಅದೇ ಬೆರಳನ್ನು ತಂದು ನನ್ನ ಬಲಗೆನ್ನೆಯ ಮಚ್ಚೆಯ ಮೇಲೆ ಇಟ್ಟ.

"ಇಲ್ಲೈತೆ" ಅಂದ. "ಅಲ್ಲೂ ಇಲ್ಲೇ ಐತೆ."

ಹಲಗೆಯಲ್ಲಿ ಎಡಗೆನ್ನೆಗಿದ್ದ ಮಚ್ಚೆ ಹಾಳೆಯಲ್ಲಿ ಬಲಗೆನ್ನೆಗೆ ಬಂದು ಕೂತಿತ್ತು. ಕನ್ನಡಿ ತಿರುಗಿಸಿದ್ದನ್ನು ಹಲಗೆ ಮತ್ತೊಮ್ಮೆ ತಿರುಗಿಸಿತ್ತು. ಅಪ್ಪ ಆ ಲೆಕ್ಕಕ್ಕೆಲ್ಲ ಹೋಗಲೇ ಇಲ್ಲ. "ಏ, ಬಾರೇ ಇಲ್ಲಿ! ಬಂದ್ಲು ಕಣೇ ನನ್ನ ಮಗಳು! ಇವಳು ನೋಡು ರತ್ನ ಅಂದ್ರೆ! ಹುಬ್ಬು ನೋಡು, ಬೈತಲೆ ನೋಡು, ಇವಳೇ ಕಣೇ!" ಅಂತ ಅವ್ವನನ್ನು ಕೂಗಿದ. ಅಕ್ಕಪಕ್ಕದ ಕ್ವಾರ್ಟರ್ಸಿನವರು ಹೊರಗೆ ಬಂದು ನೋಡುವ ಹಾಗೆ ಕೂಗಿದ.

ಸತ್ಯ ಹೇಳುತ್ತೇನೆ, ನಾನು ನೋಡಿದಾಗ ನನಗೆ ಆ ಹುಡುಗಿಯ ಗುರುತು ಹತ್ತಲಿಲ್ಲ. ತುಟಿ ಆ ಕಡೆಗೆ ಎಳೆದ ಹಾಗಿತ್ತು, ಇನ್ನೊಂದು ಹುಬ್ಬು ಮೇಲೇರಿತ್ತು. ಯಾರೋ ದೂರದ ನೆಂಟರ ಹುಡುಗಿ ಅನ್ನಿಸಿತು.

"ನಂಗ್ಯಾಕೋ ಇದು ನಾನಲ್ಲ ಅನ್ಸುತ್ತಪ್ಪಾ" ಅಂದೆ.

"ನಿಂಗೇನು ಗೊತ್ತು?" ಅಂದ ಅಪ್ಪ. "ನೀನು ಯಾವತ್ತು ನೋಡಿದೀಯ ನಿನ್ನ ಮುಖಾನ? ನೋಡಿರೋನು ನಾನು."

ಮಾವ ಸುದ್ದಿ ಕೇಳಿ ಓಡಿ ಬಂದ, ಈ ಹಾಳೆ ತಗೊಂಡು ಹೋಗಿ ಅವರಿಗೆ ತೋರಿಸಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರ್ತೀನಿ ಅಂದ. "ಬ್ಯಾಡ ರುದ್ರಣ್ಣಾ. ಎದುರಿಗೆ ಕೂತ ಹುಡುಗೀನ ಬಿಟ್ಟು ಹಾಳೆ ನಂಬಿದೋರು ಅವರು" ಅಂದ ಅಪ್ಪ. ಯುಗಾದಿ ಬಂತು, ಹೋಯಿತು. ಗಂಡು ನೋಡುವ ಮಾತನ್ನು ಅಪ್ಪ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಹಬ್ಬದ ಮಾರನೇ ದಿನ ಬೆಳಗ್ಗೆ ಅವನೇ ಕನ್ನಡಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಗಾಡಿ ಸಿಗ್ನಲ್ ಆಗೈತೆ, ಓಡು" ಅಂದ. ಐದು ಮುಖ ತಗೊಂಡು ಹೋಗಿ ಕೋರ್ಸಿಗೆ ಸೇರಿದೆ, ತರೀಕೆರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಡ್ರಾಯಿಂಗ್ ಮಿಸ್ ಆಗಿ ಮಕ್ಕಳ ಕಿವಿ ಹಿಂಡಿದೆ. ಮದುವೆಯೂ ಆಯಿತು, ಸ್ವಲ್ಪ ತಡವಾಗಿ, ಮಚ್ಚೆ ಯಾವ ಕಡೆ ಇದೆ ಅಂತ ಕೇಳದವರ ಜೊತೆ.

ಕೋರ್ಸಿಗೆ ಕೊಟ್ಟದ್ದು ಆಮೇಲೆ ಒತ್ತಿದ ಚೊಕ್ಕ ಹಾಳೆ. ಮೊದಲನೆಯದು ನನ್ನಲ್ಲೇ ಉಳಿಯಿತು. ಆ ಸಂಜೆ ಅಪ್ಪನ ಬೆರಳಿನ ಮಸಿ ನನ್ನ ಕೆನ್ನೆಗೆ ಮೆತ್ತಿತ್ತು. ಅವ್ವ ಸೀಮೆಎಣ್ಣೆ ಅದ್ದಿದ ಬಟ್ಟೆ ತಂದು, "ಬಾರೇ ಇಲ್ಲಿ, ಒರೆಸ್ತೀನಿ. ಕೂಸಿಗೆ ದೃಷ್ಟಿಬೊಟ್ಟು ಇಟ್ಟಂಗೆ ಇಟ್ಟವ್ರೆ ನೋಡು ನಿಮ್ಮಪ್ಪ" ಅಂದಳು. ಬಟ್ಟೆ ಕೆನ್ನೆ ಹತ್ತಿರ ಬಂತು, ವಾಸನೆ ಗಪ್ಪೆಂದು ಬಡಿಯಿತು. ನಾನು ಅವ್ವನ ಕೈ ಹಿಡಿದುಕೊಂಡೆ, ಒರೆಸಗೊಡಲಿಲ್ಲ.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ನನ್ನ ಮುಖವನ್ನು ಆ ಕಡೆಯಿಂದ ಅಷ್ಟು ಚೆನ್ನಾಗಿ ನೋಡಿದವರು ಈಗ ಯಾರೂ ಇಲ್ಲ. ಅವನು ನೋಡಿದ ಹಾಗೆ ನನ್ನನ್ನು ನೋಡಿಕೊಳ್ಳಬೇಕು ಅನಿಸಿದಾಗ ಕನ್ನಡಿ ಹತ್ತಿರ ಹೋಗುವುದಿಲ್ಲ, ಗೋಡೆಯ ಆ ಹಾಳೆಯ ಮುಂದೆ ನಿಲ್ಲುತ್ತೇನೆ. ಅಷ್ಟು ಕಷ್ಟಪಟ್ಟು ಕೆತ್ತಿದ ಮಚ್ಚೆ ಅದರಲ್ಲಿ ಕಾಣುವುದೇ ಇಲ್ಲ. ಆ ಜಾಗದಲ್ಲಿ ನಮ್ಮಪ್ಪನ ಬೆರಳಿನ ಗುರುತು ಇದೆ.